ಸಿಕ್ ಲೀವ್ ಎಂಬ ಹಾವು

ಹಾವಿನ ದೇಶದಿಂದ ಬಂದವನೆಂಬ ಒಂದೇ ಅರ್ಹತೆಯ ಮೇಲೆ ಮೂರು ಹಾವಿನ ಮರಿಗಳನ್ನು ನನ್ನ ಸುಪರ್ದಿಗೆ ಒಪ್ಪಿಸಲಾಯಿತು. ಎಂಬತ್ತರ ದಶಕದ ನಡುವಿನ ಮಾತು. ರಿಯಾದಿನ ಹೊರವಲಯದಲ್ಲಿ ರಸ್ತೆ ಮಾಡುತ್ತಿದ್ದ ಕಂಪೆನಿಯೊಂದರಲ್ಲಿ ನಾನು ಟೈಮ್‌ಕೀಪರ್ ಆಗಿದ್ದೆ. ಯಾರು ಬಂದರು, ಯಾರು ಬರಲಿಲ್ಲ, ಯಾರು ಬಂದೂ ಬಾರದವರಂತೆ ನೆರಳಿನಲ್ಲಿ ಮಲಗಿದ್ದಾರೆ ಎಂದು ಬರೆದಿಡುವುದು ನನ್ನ ಕೆಲಸ. ಮನುಷ್ಯರ ಹಾಜರಿ ಬರೆಯುವವನಿಗೆ ಹಾವಿನ ಹಾಜರಿ ಬರೆಯುವುದೇನು ಕಷ್ಟ ಎಂದು ನಮ್ಮ ಸಾಹೇಬರಿಗೆ ಅನ್ನಿಸಿರಬೇಕು.

ಸಾಹೇಬರೆಂದರೆ ನಮ್ಮ ಸೈಟ್ ಎಂಜಿನಿಯರ್, ಇಂಗ್ಲೆಂಡಿನವರು. ಒಳ್ಳೆಯ ಮನುಷ್ಯ, ಆದರೆ ಹುಚ್ಚಿಲ್ಲದ ಒಳ್ಳೆಯವರು ಆ ಕಂಪೆನಿಯಲ್ಲಿ ಇರಲಿಲ್ಲ. ಒಮ್ಮೆ ಅಡಿಪಾಯ ಅಗೆಯುವಾಗ ಮರಳಿನಲ್ಲಿ ಹಾವಿನ ಮೊಟ್ಟೆಗಳು ಸಿಕ್ಕಿದವು. ಕೂಲಿಗಳು ಹಾರೆ ಎಸೆದು ಓಡಿದರು. ಸಾಹೇಬರು ಮಾತ್ರ ಬಿಸ್ಕತ್ತಿನ ಡಬ್ಬಿ ಹಿಡಿದು ಅದೇ ಕಡೆಗೆ ಓಡಿದರು. ಮೊಟ್ಟೆಗಳಲ್ಲಿ ಮೂರು ಒಡೆದು ಮರಿಗಳಾದವು. ಮರಳಿನಲ್ಲಿ ಹುದುಗಿ ಬದುಕುವ, ವಿಷವಿಲ್ಲದ, ಬೆರಳಿನಷ್ಟು ದಪ್ಪದ ಕುಳ್ಳ ಹಾವುಗಳು. ಕಣ್ಣು ಎರಡೂ ತಲೆಯ ಮೇಲ್ಭಾಗದಲ್ಲಿ, ದೇವರು ಮರೆತುಹೋಗಿ ಕೊನೆಗೆ ಅಂಟಿಸಿದ ಹಾಗೆ. ಒಂದೇ ತಾಯಿಯ ಮಕ್ಕಳು, ಒಂದೇ ಊಟ, ಒಂದೇ ಅಳತೆಯ ಗಾಜಿನ ಪೆಟ್ಟಿಗೆ. ಆದರೂ ಮೂರರ ಸ್ವಭಾವ ಬೇರೆ ಬೇರೆ ಏಕೆ ಎಂಬುದು ಸಾಹೇಬರ ತಲೆ ತಿನ್ನುತ್ತಿದ್ದ ಪ್ರಶ್ನೆ. ಅದಕ್ಕಾಗಿ ಒಂದು ರಿಜಿಸ್ಟರ್ ಇಟ್ಟು, ಬೆಳಿಗ್ಗೆ ಸಂಜೆ ಯಾವುದು ಏನು ಮಾಡುತ್ತಿದೆ ಎಂದು ಬರೆಯುತ್ತಿದ್ದರು.

ನಮ್ಮೂರಲ್ಲಿ ಹಾವಿಗೆ ಪೂಜೆ ಮಾಡುತ್ತೇವೆ ಎಂದು ಒಮ್ಮೆ ಚಹಾ ಕುಡಿಯುವಾಗ ನಾನು ಹೇಳಿದ್ದೆ. ಅಷ್ಟಕ್ಕೇ ಅವರು ನನ್ನನ್ನು ಪಂಡಿತನೆಂದು ತೀರ್ಮಾನಿಸಿಬಿಟ್ಟರು. ನಾವು ಪೂಜೆ ಮಾಡುವುದು ಕಲ್ಲಿಗೆ, ನಿಜವಾದ ಹಾವು ಕಂಡರೆ ನಾನು ಹತ್ತು ಮಾರು ದೂರ ಓಡುತ್ತೇನೆ ಎಂದು ತಿದ್ದುಪಡಿ ಮಾಡಬಹುದಿತ್ತು. ಮಾಡಲಿಲ್ಲ. ಏಕೆಂದರೆ ನನ್ನ ರಜೆಯ ಅರ್ಜಿ ಅವರ ಮೇಜಿನ ಮೇಲಿತ್ತು.

ನಾನು ಊರು ಬಿಟ್ಟು ಎರಡು ವರ್ಷವಾಗುತ್ತ ಬಂದಿತ್ತು. ಮದುವೆಯಾಗಿ ಏಳು ವರ್ಷ ನಮಗೆ ಮಕ್ಕಳಿರಲಿಲ್ಲ. ಅಮ್ಮ ನಾಗಬನದಲ್ಲಿ ಹರಕೆ ಹೊತ್ತು, ಆಶ್ಲೇಷಾ ಬಲಿ ಮಾಡಿಸಿದ ಮೇಲೆ ಹೆಂಡತಿಗೆ ದಿನ ನಿಂತಿತು. ಅದೇ ಸಮಯಕ್ಕೆ ವೀಸಾವೂ ಬಂತು. ಹೆಂಡತಿಗೆ ಮೂರು ತಿಂಗಳಾಗಿದ್ದಾಗ ನಾನು ವಿಮಾನ ಹತ್ತಿದೆ. ಮಗಳು ಹುಟ್ಟಿ ಒಂದೂವರೆ ವರ್ಷವಾಗಿತ್ತು, ನಾನಿನ್ನೂ ಮುಖ ನೋಡಿರಲಿಲ್ಲ. ಹೆಂಡತಿಯ ಪತ್ರಗಳ ತುಂಬ ಅವಳದೇ ಪ್ರತಾಪ. ನಿಂತಲ್ಲಿ ನಿಲ್ಲುವುದಿಲ್ಲ, ಅಜ್ಜಿಯ ಕನ್ನಡಕ ಮುರಿದಳು, ಒಲೆಯ ಬೂದಿ ತಿಂದಳು, ಬೆಕ್ಕಿನ ಬಾಲ ಕಚ್ಚಿದಳು. ಓದಿ ಓದಿ ನಗುತ್ತಿದ್ದೆ, ನಗು ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದುತ್ತಿದ್ದೆ. ಮಗಳನ್ನು ನೋಡಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಸಾಹೇಬರು ಐದು ವಾರದ ರಜೆಗೆ ಹೊರಟವರು, ತಾವು ವಾಪಸ್ ಬಂದ ದಿನವೇ ನನ್ನ ಅರ್ಜಿಗೆ ಸಹಿ ಹಾಕುವುದಾಗಿಯೂ ಅಲ್ಲಿಯವರೆಗೆ ಮರಿಗಳನ್ನು ನಾನೇ ನೋಡಿಕೊಳ್ಳಬೇಕೆಂದೂ ಹೇಳಿದರು. ಹೇಗೆ ನೋಡಿಕೊಳ್ಳಬೇಕೆಂದು ಅರ್ಧ ಗಂಟೆ ಇಂಗ್ಲಿಷಿನಲ್ಲಿ ವಿವರಿಸಿದರು. ನಾನು ಅಷ್ಟಕ್ಕೂ ಯೆಸ್ ಸರ್ ಎಂದೆ. ಕಿವಿ ಅಲ್ಲಿತ್ತು, ಮನಸ್ಸು ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗಿತ್ತು.

ಪೆಟ್ಟಿಗೆಗಳು ಬಂದು ಕುಳಿತದ್ದು ನಮ್ಮ ಕ್ಯಾಂಪಿನ ಕೋಣೆಯಲ್ಲಿ. ನಮ್ಮ ಎಂದರೆ ನಾನು ಮತ್ತು ಮೆಸ್ಸಿನ ಅಡುಗೆಯವನು. ಅವನು ಬಂಟ್ವಾಳದ ಕಡೆಯ ಬ್ಯಾರಿ ಮುಸಲ್ಮಾನ, ನನಗಿಂತ ಎರಡು ವರ್ಷ ದೊಡ್ಡವನು, ಮನುಷ್ಯರನ್ನು ಬಿಟ್ಟು ಬೇರೆ ಯಾವುದಕ್ಕೂ ಹೆದರದವನು. ಮರಿಗಳ ಆಹಾರ ಹಲ್ಲಿ. ಹಲ್ಲಿ ಕೊಂದರೆ ಪುಣ್ಯವೆಂದು ಅವನ ಅಜ್ಜಿ ಹೇಳಿದ್ದರು. ಹಲ್ಲಿ ಮೈಮೇಲೆ ಬಿದ್ದರೂ ಸ್ನಾನ ಮಾಡಬೇಕೆಂದು ನನ್ನ ಅಜ್ಜಿ ಹೇಳಿದ್ದರು. ಹೀಗಾಗಿ ಕೆಲಸ ಹಂಚಿಕೊಳ್ಳಲು ತಕರಾರೇ ಆಗಲಿಲ್ಲ. ಅವನು ಹಿಡಿದು ಕೊಂದು ಇಕ್ಕಳದಲ್ಲಿ ತಿನ್ನಿಸುತ್ತಿದ್ದ, ನಾನು ದೂರದಲ್ಲಿ ಕುಳಿತು ರಿಜಿಸ್ಟರ್ ಬರೆಯುತ್ತಿದ್ದೆ.

ಸಾಹೇಬರ ಲೆಕ್ಕದಲ್ಲಿ ಮರಿಗಳು ಒಂದು, ಎರಡು, ಮೂರು. ಎರಡೇ ದಿನದಲ್ಲಿ ನನ್ನ ಈ ಅಡುಗೆಯ ಗೆಳೆಯ ಅವಕ್ಕೆ ಹೆಸರಿಟ್ಟ. ಒಂದನೆಯದು ಫೋರ್‌ಮನ್. ಸೂರ್ಯ ಮುಳುಗಿದರೆ ಸಾಕು, ಮರಳಿನಿಂದ ಎದ್ದು ಪೆಟ್ಟಿಗೆಯ ನಾಲ್ಕೂ ಗೋಡೆಗೆ ಮೂಗು ತಿಕ್ಕುತ್ತ ಸುತ್ತು ಹೊಡೆಯುತ್ತಿತ್ತು, ಕೆಲಸ ಮಾತ್ರ ಏನೂ ಇರಲಿಲ್ಲ. ಎರಡನೆಯದು ಮುದೀರ್, ಅಂದರೆ ಮ್ಯಾನೇಜರು. ಅದಕ್ಕೆ ಸದಾ ಸಿಟ್ಟು. ಇಕ್ಕಳ ಕಂಡರೆ ಇಕ್ಕಳಕ್ಕೆ, ನೆರಳು ಕಂಡರೆ ನೆರಳಿಗೆ ಬಾಯಿ ಹಾಕುತ್ತಿತ್ತು. ಒಮ್ಮೆ ಊಟ ಬಂದದ್ದೇ ತಪ್ಪೆಂಬಂತೆ ಹಲ್ಲಿಯನ್ನು ಕಚ್ಚಿ ಬಿಸಾಡಿ, ಮತ್ತೆ ಹುಡುಕಿಕೊಂಡು ತಿಂದಿತು. ಮೂರನೆಯದು ಸಿಕ್ ಲೀವ್. ಅದು ಏಳುತ್ತಲೇ ಇರಲಿಲ್ಲ. ಮರಳಿನಿಂದ ಎರಡು ಕಣ್ಣು ಹೊರಗಿಟ್ಟು ಮಲಗಿದರೆ ಮೇಲೆ ಮಳೆ ಬಿದ್ದರೂ ಅರಿವಿಲ್ಲ. ಹಲ್ಲಿಯನ್ನು ಬಾಯಿಯ ಹತ್ತಿರ ಹಿಡಿದರೆ, ನಿಮ್ಮ ಬಲವಂತಕ್ಕೆ ಎನ್ನುವಂತೆ ನುಂಗುತ್ತಿತ್ತು. ನಮ್ಮ ಕ್ಯಾಂಪಿನಲ್ಲಿ ಸೊಂಟನೋವೆಂದು ತಿಂಗಳಿಗೆ ಹತ್ತು ದಿನ ಮಲಗುತ್ತಿದ್ದ ಒಬ್ಬ ವೆಲ್ಡರನಿದ್ದ. ಅವನು ಮೂರನೆಯದನ್ನು ಬಹಳ ಹೊತ್ತು ನೋಡಿ, ಇದಕ್ಕೆ ನಿಜವಾಗಿಯೂ ಹುಷಾರಿಲ್ಲ ಎಂದು ಹೇಳಿ ಹೋದ.

ಸತ್ಯ ಹೇಳಬೇಕೆಂದರೆ ನನಗೆ ಮೂರನೆಯದರ ಮೇಲೆಯೇ ಮಮತೆ ಹುಟ್ಟಿತು. ಹೆದರಿಕೆಯವನಿಗೆ ಸೋಮಾರಿ ಹಾವಿಗಿಂತ ಒಳ್ಳೆಯ ಹಾವು ಯಾವುದಿದೆ? ನಾನು ಅದರ ಪೆಟ್ಟಿಗೆಯ ಹತ್ತಿರ ಮಾತ್ರ ಮೂಗು ತಂದು ಕುಳಿತುಕೊಳ್ಳುತ್ತಿದ್ದೆ.

ಮೂರನೇ ವಾರಕ್ಕೆ ಅಮ್ಮನ ಪತ್ರ ಬಂತು. ನಾಗರಪಂಚಮಿ ಹತ್ತಿರ ಬರುತ್ತಿದೆ, ಮಗು ಆದದ್ದು ಯಾರ ದಯೆಯಿಂದ ಎಂದು ಮರೆಯಬೇಡ, ಅಲ್ಲಿ ಬನ ಇಲ್ಲದಿದ್ದರೂ ಮನಸ್ಸಿನಲ್ಲಾದರೂ ತನು ಎರೆ ಎಂದು ಬರೆದಿದ್ದರು. ತನು ಎಂದರೆ ನಮ್ಮ ಕಡೆ ನಾಗನಿಗೆ ಹಾಲು, ಎಳನೀರು ಎರೆದು ತಂಪು ಮಾಡುವುದು. ನಾಗನಿಗೆ ಬೇಕಾದದ್ದು ತಂಪು. ಬನದಲ್ಲಿ ಮರ ಕಡಿಯದಿರುವುದು, ಅರಸಿನ ಹಚ್ಚುವುದು, ಸೀಯಾಳ ಒಡೆದು ಸುರಿಯುವುದು ಎಲ್ಲ ಅದಕ್ಕೇ. ನಾಗ ತಂಪಾಗಿದ್ದರೆ ಮನೆಯ ಮಕ್ಕಳು ತಂಪಾಗಿರುತ್ತಾರೆ. ಇದು ನನಗೆ ಮೊಲೆಹಾಲಿನೊಂದಿಗೆ ಬಂದ ಜ್ಞಾನ.

ಮನಸ್ಸಿನಲ್ಲಿ ಎರೆಯಲು ಅಮ್ಮ ಹೇಳಿದ್ದರು. ಎದುರಿಗೇ ಮೂರು ಇರುವಾಗ ಮನಸ್ಸಿನಲ್ಲಿ ಏಕೆ ಎಂದು ನಾನು ಯೋಚಿಸಿದೆ. ಪಂಚಮಿಯ ದಿನ ಸ್ನಾನ ಮಾಡಿ, ಬಾಗಿಲು ಹಾಕಿ, ಹಾಲಿನ ಪೊಟ್ಟಣ ಒಡೆದೆ. ಫೋರ್‌ಮನ್ ಪೂಜೆಗೆ ನಿಲ್ಲಲಿಲ್ಲ, ಮರಳಿನೊಳಗೆ ನುಗ್ಗಿ ಮಾಯವಾಯಿತು. ಮುದೀರ್ ಚಮಚಕ್ಕೇ ಬಾಯಿ ಹಾಕಿತು. ದೇವರಂತೆ ನಿಶ್ಚಲವಾಗಿ ಮಲಗಿದ್ದದ್ದು ಸಿಕ್ ಲೀವ್ ಒಂದೇ. ಆದ್ದರಿಂದ ಪೂರ್ತಿ ಹಾಲು ಅದರ ಪಾಲಾಯಿತು. ಅಷ್ಟಕ್ಕೇ ನನ್ನ ಭಕ್ತಿ ನಿಲ್ಲಲಿಲ್ಲ. ಅದರ ಪೆಟ್ಟಿಗೆಯ ಮೂಲೆಯಲ್ಲಿ ಸಾಹೇಬರು ಇರಿಸಿದ್ದ ಬಲ್ಬೊಂದು ಹಗಲಿರುಳು ಉರಿಯುತ್ತಿತ್ತು. ಹೊರಗೆ ಆಗಸ್ಟ್ ತಿಂಗಳ ಬೆಂಕಿ, ಒಳಗೆ ಬಲ್ಬಿನ ಬೆಂಕಿ, ಪಾಪದ ಜೀವ ಏಳದಿರುವುದು ಇದರಿಂದಲೇ ಎಂದು ನನಗೆ ಹೊಳೆಯಿತು. ಬಲ್ಬು ಆರಿಸಿ, ಪೆಟ್ಟಿಗೆಯನ್ನು ಎತ್ತಿ, ಕಿಟಕಿಯ ಏಸಿಯ ಬಾಯಿಗೆ ಸರಿಯಾಗಿ ಇಟ್ಟೆ. ರಿಜಿಸ್ಟರಿನಲ್ಲಿ, ನಂಬರ್ ಮೂರು ಬಹಳ ನೆಮ್ಮದಿಯಿಂದ ಇದೆ ಎಂದು ಬರೆದೆ.

ಮರುದಿನವೂ ಹಾಗೆಯೇ ಬರೆದೆ. ಅದರ ಮಾರನೆಯ ದಿನ, ಗುರುವಾರ ಸಂಜೆ, ಗೆಳೆಯ ಊಟ ಕೊಡಲು ಹೋದವನು ಇಕ್ಕಳ ಕೆಳಗಿಟ್ಟು ಕೈಯಿಂದಲೇ ಅದನ್ನು ಎತ್ತಿದ. ಹಾವು ಬಳ್ಳಿಯ ತುಂಡಿನ ಹಾಗೆ ಎತ್ತಿದಲ್ಲಿ ಉಳಿಯಿತು. ಮುಟ್ಟಿದರೆ ಫ್ರಿಜ್ಜಿನ ಬೆಂಡೆಕಾಯಿ. ಅವನು ನನ್ನ ಮುಖ ನೋಡಿದ, ನಾನು ಏಸಿಯನ್ನು ನೋಡಿದೆ. ಸಾಹೇಬರ ಅರ್ಧ ಗಂಟೆಯ ಇಂಗ್ಲಿಷಿನಲ್ಲಿ ಬಲ್ಬು ಎಂಬ ಶಬ್ದ ಹತ್ತು ಸಲ ಬಂದಿತ್ತೆಂಬುದು ಆಗ ನೆನಪಾಯಿತು.

ಮೇಲೆ ಸಾಹೇಬರು, ಅವರಿಗೆ ಗೊತ್ತಾದರೆ ರಜೆ ಹೋಯಿತು. ಕೆಳಗೆ ನಾಗ, ಅವನಿಗೆ ಗೊತ್ತಾಗದೆ ಇರುವುದೇ ಇಲ್ಲ. ಹರಕೆಯಿಂದ ಹುಟ್ಟಿದ ಮಗುವಿನ ಅಪ್ಪ ಪಂಚಮಿಯ ದಿನವೇ ಹಾವು ಕೊಂದ. ಇದು ಮರಳಿನ ಹಾವು, ಹೆಡೆ ಇಲ್ಲ, ನಾಗರಹಾವಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಆದರೆ ಹೆಡೆ ಇಲ್ಲದ್ದಕ್ಕೆ ದೋಷವಿಲ್ಲ ಎಂದು ಆ ಮರುಭೂಮಿಯಲ್ಲಿ ಯಾವ ಭಟ್ಟರನ್ನು ಕೇಳಲಿ? ನಮ್ಮಲ್ಲಿ ನಾಗ ಸತ್ತರೆ ಮನುಷ್ಯರಿಗೆ ಮಾಡಿದಂತೆಯೇ ಸಂಸ್ಕಾರ ಮಾಡಿ ಸುಡಬೇಕು. ನಾನೂ ಸುಡುವುದೆಂದು ತೀರ್ಮಾನಿಸಿದೆ.

ಗೆಳೆಯ ವಾದ ಮಾಡಲಿಲ್ಲ. ಮಗುವಿನ ವಿಷಯವಾದ್ದರಿಂದ ತರಕಾರಿ ತರುವ ಪಿಕಪ್ಪಿನ ಕೀಲಿ ಕೈ ಹುಡುಕಿದ. ಶುಕ್ರವಾರ ಬೆಳಿಗ್ಗೆ ಹೊರಟೆವು. ಸೇಬಿನ ಪೆಟ್ಟಿಗೆಯ ಹಲಗೆ, ಮೆಸ್ಸಿನ ತುಪ್ಪ, ಬೆಂಕಿಪೊಟ್ಟಣ, ನನ್ನ ಹೊಸ ಬಿಳಿ ಕರವಸ್ತ್ರದಲ್ಲಿ ಸುತ್ತಿದ ಸಿಕ್ ಲೀವ್. ಅಲ್ಲಿ ನಮ್ಮ ಪೂಜೆ ಪುನಸ್ಕಾರಕ್ಕೆಲ್ಲ ಅವಕಾಶವಿರಲಿಲ್ಲವಾದ್ದರಿಂದ ಟಾರು ರಸ್ತೆ ಬಿಟ್ಟು ಬಹಳ ಒಳಗೆ, ಮರಳಿನ ದಿಬ್ಬವೊಂದರ ಹಿಂದೆ ಗಾಡಿ ನಿಲ್ಲಿಸಿದೆವು. ಗೆಳೆಯ ಮೊದಲು ರಸ್ತೆಯ ಕಡೆ ಕಾವಲು ನಿಂತ. ಆಮೇಲೆ ಏನನ್ನಿಸಿತೋ, ಜೇಬಿನಿಂದ ಟೊಪ್ಪಿ ತೆಗೆದು ತಲೆಗಿಟ್ಟು ನನ್ನ ಪಕ್ಕ ಬಂದು ಕೈಕಟ್ಟಿ ನಿಂತ.

ಕರವಸ್ತ್ರವನ್ನು ಬಿಸಿಲಿನಲ್ಲಿ ಮರಳಿನ ಮೇಲಿಟ್ಟು ನಾನು ಹಲಗೆ ಜೋಡಿಸಿದೆ. ನನಗೆ ಬರುತ್ತಿದ್ದದ್ದು ಅರ್ಧ ಶ್ಲೋಕ, ಅದನ್ನೇ ತಿರುಗಿಸಿ ತಿರುಗಿಸಿ ಹೇಳಿದೆ. ಗಾಳಿಗೆ ಬೆಂಕಿ ಹತ್ತಲಿಲ್ಲ. ಒಂದು ಕಡ್ಡಿ, ಎರಡು ಕಡ್ಡಿ, ಆರು ಕಡ್ಡಿ. ಅಡುಗೆಯವನಾಗಿ ಇದನ್ನು ನೋಡುತ್ತ ನಿಲ್ಲಲಾರದೆ ಗೆಳೆಯನೂ ಕುಳಿತು ಊದಿದ. ಹಾಗೆ ಕಾಲು ಗಂಟೆ ಹೋಗಿರಬೇಕು. ಎಂಟು ಗಂಟೆಯ ಬಿಸಿಲು ಬೆನ್ನು ಸುಡತೊಡಗಿತ್ತು. ಕೊನೆಗೆ ಜ್ವಾಲೆ ಎದ್ದಿತು. ನಾನು ಕಣ್ಣು ಮುಚ್ಚಿ, ತಪ್ಪಾಯಿತು ತಂದೆ, ನನ್ನ ಮಗಳನ್ನು ಕಾಪಾಡು ಎಂದು ಬೇಡಿಕೊಂಡೆ.

"ಕಣ್ಣು ಬಿಡು ಮಾರಾಯ," ಎಂದ ಗೆಳೆಯ. "ನಿನ್ನ ಹೆಣ ಹೋಗ್ತಾ ಉಂಟು."

ಕರವಸ್ತ್ರ ಸರಿದಾಡುತ್ತಿತ್ತು. ಅದರ ಮೂಲೆಯಿಂದ ಮೊದಲು ಎರಡು ಕಣ್ಣು ಬಂದವು, ಆಮೇಲೆ ನಾಲಿಗೆ. ಏಸಿಯಲ್ಲಿ ಮರಗಟ್ಟಿದ್ದ ಮೈ ಬಿಸಿಲಿಗೆ ಸಡಿಲಾಗಿತ್ತು. ನಾನು ಆನಂದದಿಂದ ಕೈ ಮುಗಿದೆ. ಆ ಹೊತ್ತಿನಲ್ಲಿ ಮುಗಿಯುವುದನ್ನು ಬಿಟ್ಟು ಹಿಡಿಯಬೇಕಾಗಿತ್ತು. ಹುಟ್ಟಿದಂದಿನಿಂದ ಮೂರು ಗೇಣು ಹರಿಯದಿದ್ದ ಪ್ರಾಣಿ ಒಂದು ಸಲ ಮೈ ಕೊಡವಿ, ನೀರಿಗೆ ಬಿದ್ದಂತೆ ಮರಳಿನೊಳಗೆ ಹೊಕ್ಕು ಹೋಯಿತು. ಗೆಳೆಯ ಹಾರಿ ಬಿದ್ದ. ಅವನ ಮುಷ್ಟಿಯಲ್ಲಿ ಸಿಕ್ಕಿದ್ದು ಮರಳು. ತುಪ್ಪದ ಡಬ್ಬಿಯ ಮುಚ್ಚಳದಿಂದ ಇಬ್ಬರೂ ಒಂದು ಗಂಟೆ ಅಗೆದೆವು. ಪಕ್ಕದಲ್ಲಿ ಚಿತೆ ಯಾರೂ ಇಲ್ಲದೆ ತನ್ನಷ್ಟಕ್ಕೆ ಉರಿದು ಮುಗಿಯಿತು.

ನಾಗನ ಭಯ ಹೋಯಿತು, ಸಾಹೇಬರ ಭಯ ಉಳಿಯಿತು. ಅವರು ಬರಲು ಎಂಟೇ ದಿನವಿತ್ತು. ಪ್ರತಿದಿನ ಬೆಳಿಗ್ಗೆ ತರಕಾರಿಗೆ ಹೋಗುವ ಪಿಕಪ್ಪು ಆ ದಿಬ್ಬದ ಕಡೆಗೆ ತಿರುಗತೊಡಗಿತು. ನಾಲ್ಕನೆಯ ದಿನ ಮರಳಿನ ಮೇಲೆ ಹಾವು ಹರಿದ ಗುರುತು ಸಿಕ್ಕಿತು. ಗುರುತು ಮುಗಿದಲ್ಲಿ ಗೆಳೆಯ ಮೆಸ್ಸಿನ ರಬ್ಬರ್ ಕೈಗವಸು ಹಾಕಿಕೊಂಡು ಕೈ ಇಳಿಸಿದ. ಬಂತು. ಅದೇ ಉದ್ದ, ಅದೇ ಬಣ್ಣ, ತಲೆಯ ಮೇಲೆ ಅದೇ ಕಣ್ಣು. ನಾನು ಅತ್ತೇ ಬಿಟ್ಟೆ.

ಆದರೆ ಪೆಟ್ಟಿಗೆಗೆ ಬಿಟ್ಟ ಮೇಲೆ ಸಂಶಯ ಶುರುವಾಯಿತು. ಸಿಕ್ ಲೀವ್ ಆಗಿದ್ದರೆ ಮಲಗಬೇಕಿತ್ತು. ಇದು ಫೋರ್‌ಮನ್ನಿಗಿಂತ ಹೆಚ್ಚು ಸುತ್ತಿತು. ಹಗಲಲ್ಲೂ ಸುತ್ತಿತು. ಊಟ ಕೊಡಲು ಹೋದ ಗೆಳೆಯನ ಹೆಬ್ಬೆರಳನ್ನು ಮುದೀರನೂ ಕಚ್ಚದ ಹಾಗೆ ಕಚ್ಚಿತು. ನಾನು, ಇದು ನಮ್ಮದಲ್ಲ ಎಂದೆ. ಅವನು ಬೆರಳು ಚೀಪುತ್ತ ಬಹಳ ಗಂಭೀರವಾಗಿ ಯೋಚಿಸಿದ.

"ಒಮ್ಮೆ ಚಿತೆಯ ಬುಡದವರೆಗೆ ಹೋಗಿ ಬಂದವ ಮತ್ತೆ ಮೊದಲಿನ ಹಾಗೆ ಮಲಗ್ತಾನಾ? ನೀನಾದ್ರೆ ಮಲಗ್ತಿಯಾ ಹೇಳು."

ನನಗೆ ಬೇಕಾಗಿದ್ದದ್ದೂ ಇಂಥದ್ದೊಂದು ಮಾತೇ. ಶುಕ್ರವಾರದಿಂದ ನಂಬರ್ ಮೂರರ ಸ್ವಭಾವದಲ್ಲಿ ಬದಲಾವಣೆ, ಬಹಳ ಚುರುಕು ಎಂದು ರಿಜಿಸ್ಟರಿನಲ್ಲಿ ಬರೆದು, ಕೆಳಗೆ ಗೆರೆ ಎಳೆದೆ.

ಸಾಹೇಬರು ಬಂದವರು ಸೂಟ್‌ಕೇಸು ಬಿಚ್ಚುವ ಮೊದಲು ನಮ್ಮ ಕೋಣೆಗೆ ಬಂದರು. ರಿಜಿಸ್ಟರ್ ಓದಿದರು. ಮೂರನೆಯ ಪೆಟ್ಟಿಗೆಯ ಮುಂದೆ ಮಂಡಿಯೂರಿ ಅರ್ಧ ಗಂಟೆ ಕುಳಿತರು. ನನ್ನ ಬನಿಯನ್ ಬೆವರಿಗೆ ಒದ್ದೆಯಾಯಿತು. ಎದ್ದು ನಿಂತಾಗ ಅವರ ಮುಖ ಅರಳಿತ್ತು. ಇಂಥದ್ದು ತಾವು ಎಲ್ಲಿಯೂ ಓದಿಲ್ಲ, ಸೋಮಾರಿ ಮರಿ ಒಂದೇ ದಿನದಲ್ಲಿ ಹೀಗೆ ಬದಲಾದದ್ದು ಬಹಳ ದೊಡ್ಡ ವಿಷಯ, ಇದನ್ನು ಇಂಗ್ಲೆಂಡಿನ ಗೆಳೆಯರಿಗೆ ಬರೆಯಬೇಕು ಎಂದರು. ನನ್ನ ಭುಜ ತಟ್ಟಿದರು. ನಿನ್ನ ಕೈಯಲ್ಲಿ ಏನೋ ಗುಣ ಇದೆ, ಇನ್ನು ಆರು ತಿಂಗಳು ಇವನ್ನು ನೀನೇ ನೋಡಿಕೋ, ರಜೆಯನ್ನು ಚಳಿಗಾಲ ಕಳೆದ ಮೇಲೆ ತೆಗೆದುಕೊಂಡರಾಯಿತಲ್ಲ ಎಂದರು.

ಸುಳ್ಳು ಇಷ್ಟು ಚೆನ್ನಾಗಿ ಫಲಿಸುತ್ತದೆಂದು ನಾನು ಎಣಿಸಿರಲಿಲ್ಲ. ಆರು ತಿಂಗಳು ಎಂದರೆ ಮಗಳಿಗೆ ಎರಡು ವರ್ಷ. ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಸರ್, ಅದು ನಂಬರ್ ಮೂರು ಅಲ್ಲ. ನಂಬರ್ ಮೂರನ್ನು ನಾನು ಸುಡಲಿಕ್ಕೆ ತೆಗೆದುಕೊಂಡು ಹೋಗಿದ್ದೆ."

ಸುಡುವುದು ಎಂಬ ಶಬ್ದವನ್ನು ಅವರು ಮೂರು ಸಲ ಹೇಳಿಸಿದರು. ನಾನು ಹಾಲಿನಿಂದ ಹಿಡಿದು ತುಪ್ಪದ ಮುಚ್ಚಳದವರೆಗೆ ಎಲ್ಲ ಹೇಳಿದೆ. ಏಳು ವರ್ಷದ ಹರಕೆಯನ್ನೂ ಹೇಳಿದೆ. ನಡುವೆ ಇಂಗ್ಲಿಷ್ ಮುಗಿದು ಕನ್ನಡ ಬಂತು, ಗೆಳೆಯ ಹಿಂದಿಯಲ್ಲಿ ಸಹಾಯ ಮಾಡಿದ. ಸಾಹೇಬರಿಗೆ ಎರಡೂ ಬರುತ್ತಿರಲಿಲ್ಲ. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಹೋಗುವಾಗ ಅದು ಆರೋಗ್ಯವಾಗಿತ್ತೇ ಎಂದು. ಬಹಳ ಆರೋಗ್ಯವಾಗಿತ್ತು, ಹಿಡಿಯಲಾಗಲಿಲ್ಲ ಎಂದೆ. ಅವರು ರಿಜಿಸ್ಟರ್ ತೆರೆದು, ನಾನು ಎಳೆದಿದ್ದ ಗೆರೆಯನ್ನೂ ಅದರ ಮೇಲಿನದನ್ನೂ ಕಾಟು ಹಾಕಿ, ನಂಬರ್ ಮೂರು, ಫೈನಲ್ ಎಕ್ಸಿಟ್ ಎಂದು ಬರೆದರು. ಕಂಪೆನಿ ಬಿಟ್ಟು ಮತ್ತೆ ಬಾರದಂತೆ ಹೋಗುವವರಿಗೆ ಕೊಡುವ ಕಾಗದದ ಹೆಸರು ಅದು. ಆಮೇಲೆ ಅದೇ ಪೆನ್ನಿನಿಂದ ನನ್ನ ರಜೆಯ ಅರ್ಜಿಗೆ ಸಹಿ ಹಾಕಿದರು. ಕರುಣೆಯಿಂದಲೋ ಅಥವಾ ಉಳಿದ ಎರಡನ್ನಾದರೂ ನನ್ನ ಭಕ್ತಿಯಿಂದ ಪಾರು ಮಾಡಬೇಕೆಂದೋ, ನನಗೆ ಇಂದಿಗೂ ಗೊತ್ತಿಲ್ಲ. ಹೊಸದನ್ನು ಅದೇ ಸಂಜೆ ತಾವೇ ಹೋಗಿ ಮರಳಿಗೆ ಬಿಟ್ಟು ಬಂದರು.

ನಲವತ್ತು ದಿನದ ರಜೆ. ಊರಿಗೆ ಹೋದೆ. ಅಂಗಳದಲ್ಲಿ ಅಮ್ಮನ ಸೆರಗಿನ ಹಿಂದೆ ನನ್ನ ಮಗಳಿದ್ದಳು. ನನ್ನನ್ನು ನೋಡಿದವಳು ಅಲುಗಾಡಲಿಲ್ಲ. ಅಳಲಿಲ್ಲ, ನಗಲಿಲ್ಲ, ತಂದ ಗೊಂಬೆಯನ್ನು ಮುಟ್ಟಲಿಲ್ಲ. ನಾನು ಜಗಲಿಗೆ ಬಂದರೆ ಅವಳು ಒಳಗೆ, ನಾನು ಒಳಗೆ ಹೋದರೆ ಅವಳು ಗೋಡೆಗೆ ಅಂಟಿ ಕುಳಿತಲ್ಲೇ. ಇವಳು ಹೀಗಲ್ಲ, ದೊಡ್ಡ ತಂಟೆಕೋರಿ, ನೀವು ಬಂದ ಮೇಲೆ ಏನಾಯಿತೋ ಎಂದು ಹೆಂಡತಿ ದಿನಾ ಹೇಳುತ್ತಿದ್ದಳು. ನಾನು ಪೇಟೆಗೆ ಹೋಗಿ ಬಂದಾಗಲೆಲ್ಲ ಒಂದು ಸುದ್ದಿ ಇರುತ್ತಿತ್ತು. ಈಗಷ್ಟೇ ಅಕ್ಕಿ ಚೆಲ್ಲಿದಳು, ಈಗಷ್ಟೇ ಕೋಳಿ ಅಟ್ಟಿಕೊಂಡು ಹೋದಳು. ನನ್ನ ಎದುರಲ್ಲಿ ಮಾತ್ರ ಕೈಕಟ್ಟಿ ಕುಳಿತ ಸಭ್ಯ ಮಗು. ಪತ್ರದಲ್ಲಿ ಒಂದೂವರೆ ವರ್ಷ ಓದಿದ ಹುಡುಗಿ ಬೇರೆ, ಇವಳು ಬೇರೆ ಎಂದು ಅನ್ನಿಸಿ ಎಷ್ಟೋ ಸಲ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದಿದ್ದೇನೆ. ಹೆದರಿ ಸುಮ್ಮನಿರುವ ಮಗುವಿಗಿಂತ ಕಚ್ಚುವ ಮಗು ಎಷ್ಟೋ ವಾಸಿ. ಮೂವತ್ತು ದಿನ ಹೋಯಿತು. ಮೂವತ್ತೈದು ಹೋಯಿತು.

ನಲವತ್ತನೆಯ ದಿನ ಬೆಳಿಗ್ಗೆ ಬೊಂಬಾಯಿಯ ಬಸ್ಸಿಗೆ ಹೊರಡಬೇಕು. ಬಾಡಿಗೆ ಕಾರು ಬಂದು ನಿಂತಿದೆ, ನನ್ನ ಬೂಟಿನ ಒಂದು ಕಾಲು ಇಲ್ಲ. ಎಲ್ಲರೂ ಹುಡುಕಿದರು. ಕೊನೆಗೆ ಕೊಟ್ಟಿಗೆಯಿಂದ ಅಮ್ಮನ ಕೂಗು ಕೇಳಿತು. ಬೂಟು ದನಕ್ಕೆ ಕುಡಿಯಲಿಟ್ಟ ಅಕ್ಕಚ್ಚಿನ, ಅಂದರೆ ಅಕ್ಕಿ ತೊಳೆದ ನೀರಿನ, ಬಾಲ್ದಿಯಲ್ಲಿ ಮುಳುಗಿತ್ತು. ಪಕ್ಕದಲ್ಲಿ ಮೊಣಕೈಯವರೆಗೆ ಒದ್ದೆಯಾಗಿ ಮಗಳು ನಿಂತಿದ್ದಳು. ನಾನು ಬಂದೆನೆಂದು ಓಡಲಿಲ್ಲ. ನನ್ನ ಕಣ್ಣನ್ನೇ ನೋಡುತ್ತ, ಎದ್ದು ಬರುತ್ತಿದ್ದ ಬೂಟನ್ನು ಮತ್ತೊಮ್ಮೆ ಒಳಗೆ ಅದುಮಿದಳು.

ಹೆಂಡತಿ ಹೊಡೆಯಲು ಕೈ ಎತ್ತಿದಳು. ನಾನು ಆ ಕೈ ಹಿಡಿದೆ. ಎರಡು ವರ್ಷದಲ್ಲಿ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು, ಅಷ್ಟು ದುಃಖವಾದದ್ದೂ ಅದೇ ಮೊದಲು. ಮುಂದಿನ ರಜೆಗೆ ಇನ್ನೆರಡು ವರ್ಷವಿತ್ತು. ಕಾರಿನವನು ಹಾರ್ನ್ ಹಾಕಿದ. ನಾನು ಸೂಟು ಹಾಕಿಕೊಂಡು, ಕಾಲಿಗೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು ರಿಯಾದಿಗೆ ಹೊರಟೆ.